ಲ್ಯಾಪ್‌ಟಾಪನ್ನ ಬಿಡಿ, ರೂಟರನ್ನ ಕೇಳಿ

ಈ ನೆಟ್‌ವರ್ಕ್ ಕೆಲಸದವರದ್ದು ಒಂದು ಚಾಳಿ ಇದೆ ನೋಡಿ. ಆಫೀಸಲ್ಲಿ ನೆಟ್ ನಿಂತುಹೋಯಿತು ಅನ್ನಿ, ಮೊದಲು ಕೇಬಲ್ ಮೇಲೆ ಅನುಮಾನ. ಆಮೇಲೆ ಸ್ವಿಚ್ಚು. ಆಮೇಲೆ ಐಎಸ್‌ಪಿ. ಅದೂ ಅಲ್ಲ ಅಂದರೆ ರಸ್ತೆ ಅಗೀತಿರೋ ಜೆಸಿಬಿ, ನಿನ್ನೆ ರಾತ್ರಿ ಹೊಯ್ದ ಮಳೆ, ಕೊನೆಗೆ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ. ಹೆಸರು ಹೇಳಿದರೆ ವಿಳಾಸ ಹುಡುಕಿಕೊಡೋ ಡಿಎನ್‌ಎಸ್ ಒಂದನ್ನ ಮಾತ್ರ ಯಾರೂ ಅನುಮಾನಿಸೋದಿಲ್ಲ. ಮಧ್ಯಾಹ್ನದ ಊಟ ತಪ್ಪಿ, ತರಿಸಿಟ್ಟ ಕಾಫಿ ಆರಿ, ಎಲ್ಲ ಜಾಲಾಡಿದ ಮೇಲೆ ನೋಡಿದರೆ ಡಿಎನ್‌ಎಸ್ಸೇ ಆಗಿರುತ್ತೆ. ಇದರ ಮೇಲೇ ಅವರಲ್ಲೊಂದು ಹಳೇ ತಮಾಷೆ ಇದೆ, ಟೀ ಶರ್ಟಿನ ಮೇಲೆಲ್ಲ ಅಚ್ಚು ಹಾಕಿಸ್ಕೊಂಡು ಓಡಾಡ್ತಾರೆ. ಆ ಟೀ ಶರ್ಟ್ ಹಾಕ್ಕೊಂಡೇ ಮುಂದಿನ ಸಲವೂ ಕೇಬಲ್ಲಿಂದಲೇ ಶುರು ಮಾಡ್ತಾರೆ, ಅದು ಬೇರೆ ಮಾತು.

ಸರಿ, ಅಂತೂ ಇಂತೂ ಅನುಮಾನ ಡಿಎನ್‌ಎಸ್ ಹತ್ತಿರ ಬಂತು ಅಂತಿಟ್ಕೊಳ್ಳಿ. ಏನು ಮಾಡ್ತಾರೆ? ಲ್ಯಾಪ್‌ಟಾಪ್ ತೆಗೆದು ಎನ್‌ಎಸ್‌ಲುಕಪ್ ಹೊಡೀತಾರೆ. ಉತ್ತರ ಟಪ್ ಅಂತ ಬರುತ್ತೆ. "ಡಿಎನ್‌ಎಸ್ ಚೆನ್ನಾಗೇ ಇದೆ ಸಾರ್" ಅಂತ ಮುಚ್ಚಿಡ್ತಾರೆ. ಅಲ್ಲಾ ರೀ, ಆ ಲ್ಯಾಪ್‌ಟಾಪ್ ಕೇಳಿದ್ದು ಯಾರನ್ನ? ಡಿಎಚ್‌ಸಿಪಿ ಅದಕ್ಕೆ ಯಾವ ವಿಳಾಸ ಕೊಟ್ಟಿತ್ತೋ ಅವರನ್ನ. ಬ್ರೌಸರಿನದ್ದಂತೂ ಇನ್ನೂ ಬೇರೆ ಕಥೆ, ಈಗೀಗ ಅದು ಮನೆಯವರಿಗೂ ಹೇಳದೆ ಎಚ್‌ಟಿಟಿಪಿಎಸ್ ಒಳಗೇ ತನ್ನ ಡಿಎನ್‌ಎಸ್ ವ್ಯವಹಾರ ಮುಗಿಸಿಕೊಂಡುಬಿಡುತ್ತೆ. ರೂಟರೋ ಫೈರ್‌ವಾಲೋ ಕೇಳೋ ಯಜಮಾನ ಬೇರೆಯವನೇ ಇರಬಹುದು, ಹೋಗೋ ದಾರಿಯೂ ಬೇರೆ ಇರಬಹುದು. ಫೈರ್‌ವಾಲಿಗೆ ಲೈಸೆನ್ಸ್ ಅಪ್‌ಡೇಟ್ ಆಗ್ತಿಲ್ಲ ಅನ್ನೋ ದೂರಿಗೆ ಲ್ಯಾಪ್‌ಟಾಪಲ್ಲಿ ಯೂಟ್ಯೂಬ್ ಓಡಿಸಿ ತೋರಿಸಿದರೆ ಏನು ಬಂತು?

ಇದಕ್ಕೆ ನನಗೆ ಯಾವಾಗಲೂ ನೆನಪಾಗೋದು ನಮ್ಮ ಬೀದಿಯ ಹಳೇ ಲೈನ್‌ಮನ್. ಲ್ಯಾಂಡ್‌ಲೈನ್ ಕಾಲ. ಫೋನ್ ಸತ್ತರೆ 198ಕ್ಕೆ ದೂರು ಕೊಡಬೇಕಿತ್ತು, ನೆನಪಿದೆಯಲ್ವಾ? ಸತ್ತಿರೋ ಫೋನಿಂದ 198 ಹೇಗೆ ತಿರುಗಿಸೋದು ಅಂತ ಯಾರೂ ಕೇಳ್ತಿರಲಿಲ್ಲ. ಪಕ್ಕದ ಮನೆಗೆ ಹೋಗಿ, ಅವರು ಕೊಟ್ಟ ಕೋಡುಬಳೆ ತಿಂದು, ಅವರ ಫೋನಿಂದ ದೂರು ಕೊಟ್ಟು ಬರಬೇಕು. ಎರಡು ದಿನ ಬಿಟ್ಟು ಈ ಮಹಾರಾಯ ಸೈಕಲ್ಲಲ್ಲಿ ಬರೋನು. ಮನೆಯೊಳಗೆ ಕಾಲೇ ಇಡ್ತಿರಲಿಲ್ಲ. ನೇರ ಕಂಬ ಹತ್ತಿ, ಸೊಂಟಕ್ಕೆ ಸಿಕ್ಕಿಸಿಕೊಂಡ ಪುಟ್ಟ ರಿಸೀವರನ್ನ ತಂತಿಗೆ ಕಚ್ಚಿಸಿ, ಕಿವಿಗಿಟ್ಟು, ಮೇಲಿಂದಲೇ "ಇಲ್ಲಿ ಟೋನ್ ಬರ್ತಾ ಇದೆ ಅಮ್ಮಾ, ನಿಮ್ಮನೆ ವೈರ್ ನೋಡಿಸಿ" ಅಂತ ಕೂಗೋನು. ಅಮ್ಮನಿಗೆ ಅವನ ಮೇಲೆ ಕೋಪ. ಆದರೆ ಅವನು ಮಾಡ್ತಿದ್ದದ್ದು ನೂರಕ್ಕೆ ನೂರು ಸರಿ. ಕಂಬದ ಹತ್ತಿರ ಏನಾಗಿದೆ ಅನ್ನೋದು ಕಂಬ ಹತ್ತಿದರೇ ತಿಳಿಯೋದು, ಹಜಾರದಲ್ಲಿ ಕೂತು ರಿಸೀವರ್ ಕುಟ್ಟಿದರೆ ತಿಳಿಯುತ್ತಾ? ರೂಟರಿಗೆ ಲಾಗಿನ್ ಆಗಿ ಅಲ್ಲಿಂದ ಡಿಎನ್‌ಎಸ್ ಕೇಳಿ ನೋಡೋದು ಅಂದರೆ ಇದೇ ಕೆಲಸ, ಕಂಬ ಹತ್ತೋ ಶ್ರಮ ಇಲ್ಲ ಅಷ್ಟೆ.

ಹತ್ತಿದ ಮೇಲೆ ಏನು ಮಾಡ್ತಾರೆ ಅಂದರೆ, ಪಿಂಗ್ ಹೊಡೀತಾರೆ. ಡಿಎನ್‌ಎಸ್ ಸರ್ವರಿನ ವಿಳಾಸಕ್ಕೆ ಪಿಂಗ್. ಐದಕ್ಕೆ ಐದೂ ಆಶ್ಚರ್ಯಸೂಚಕ ಚಿಹ್ನೆ ಬಿತ್ತು ಅಂದರೆ ಮುಖ ಅರಳುತ್ತೆ. ಅಲ್ಲೇ ಇರೋದು ಎಡವಟ್ಟು. ಪಿಂಗ್‌ಗೆ ಉತ್ತರ ಕೊಡೋದು ಆ ಯಂತ್ರದ ಆಪರೇಟಿಂಗ್ ಸಿಸ್ಟಮ್ಮು. ಡಿಎನ್‌ಎಸ್ ಪ್ರೋಗ್ರಾಮು ಒಳಗೆ ನೆಗೆದುಬಿದ್ದಿದ್ದರೂ ಪಿಂಗ್ ಮಾತ್ರ ಲಕ್ಷಣವಾಗಿ ಬರುತ್ತೆ. ಇದರ ತಿರುಗಾಮುರುಗಾನೂ ಉಂಟು: ಕೆಲವರು ಸರ್ವರಲ್ಲಿ ಪಿಂಗನ್ನೇ ಮುಚ್ಚಿಟ್ಟಿರ್ತಾರೆ, ಹೆಸರು ಕೇಳಿದರೆ ಚಕಾಚಕ್ ಉತ್ತರ, ಪಿಂಗ್ ಮಾಡಿದರೆ ಬರೀ ಚುಕ್ಕಿ. ಅದನ್ನ ನೋಡಿ ಸರ್ವರ್ ಹೋಯ್ತು ಅಂತ ಬಾಯಿ ಬಡ್ಕೊಳ್ಳೋರೂ ಇದ್ದಾರೆ.

ಒಂದು ತಮಾಷೆ ಗೊತ್ತಾ ನಿಮಗೆ? ಡಿಎನ್‌ಎಸ್ಸೂ ಪಿಂಗೂ ಹೆಚ್ಚುಕಮ್ಮಿ ಒಂದೇ ಬಾಣಂತಿತನದಲ್ಲಿ ಹುಟ್ಟಿದವು. ಪಾಲ್ ಮೊಕಪೆಟ್ರಿಸ್ ಡಿಎನ್‌ಎಸ್ ಬಗ್ಗೆ ಮೊದಲ ಆರ್‌ಎಫ್‌ಸಿಗಳನ್ನ ಬರೆದದ್ದು 1983ರ ನವೆಂಬರ್. 882, 883 ಅಂತ ನಂಬರು. ಮಾರನೇ ತಿಂಗಳು, ಡಿಸೆಂಬರಿನಲ್ಲಿ, ಅಮೆರಿಕದ ಮೇರಿಲ್ಯಾಂಡಿನ ಸೇನಾ ಪ್ರಯೋಗಾಲಯದಲ್ಲಿ ಮೈಕ್ ಮೂಸ್ ಅನ್ನೋ ಮನುಷ್ಯ ತನ್ನ ನೆಟ್‌ವರ್ಕ್ ಕೈಕೊಟ್ಟಿತು ಅಂತ ಒಂದು ರಾತ್ರಿ ಕೂತು ಪಿಂಗ್ ಬರೆದ. ಅದಕ್ಕೂ ಮುಂಚೆ ಡಿಎನ್‌ಎಸ್ ಬದುಕಿದೆಯಾ ಅನ್ನೋ ಪ್ರಶ್ನೆಯೇ ಇರಲಿಲ್ಲ. ಕ್ಯಾಲಿಫೋರ್ನಿಯಾದ ಮೆನ್ಲೋ ಪಾರ್ಕಿನ ಎಸ್‌ಆರ್‌ಐ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಅವರ ತಂಡ ಎಲ್ಲ ಯಂತ್ರಗಳ ಹೆಸರನ್ನೂ ಒಂದೇ ಒಂದು ಕಡತದಲ್ಲಿ ಬರೆದಿಡ್ತಿತ್ತು, ಊರಿನವರೆಲ್ಲ ಅದನ್ನ ಇಳಿಸಿಕೊಳ್ತಿದ್ದರು. ಇಡೀ ನೆಟ್‌ವರ್ಕ್ ಒಂದು ಕಡತದಲ್ಲಿ! ಈಗ ನಮ್ಮ ಅಪಾರ್ಟ್‌ಮೆಂಟಿನ ಸಿಸಿಟಿವಿ ಪಟ್ಟಿಯೇ ಅದಕ್ಕಿಂತ ದೊಡ್ಡದಿರಬಹುದೇನೋ.

ಮೂಸ್ ಆಮೇಲೆ ಪಿಂಗ್ ಹುಟ್ಟಿದ ಕಥೆ ಬರೆದಿಟ್ಟ. ಅದರಲ್ಲಿ ಯಾರೋ ಒಬ್ಬ ಅಡ್ಮಿನ್ ಹೇಳಿದ ಪ್ರಸಂಗ ಬರುತ್ತೆ, ನನಗೆ ಭಾಳ ಇಷ್ಟ. ಅವನ ಆಫೀಸಿನ ಈಥರ್ನೆಟ್ ಆಗಾಗ ಕೈಕೊಡ್ತಿತ್ತಂತೆ. ಎಲ್ಲಿ ಅಂತ ಗೊತ್ತಾಗ್ತಿಲ್ಲ. ಅವನು ಏನು ಮಾಡಿದ ಅಂದರೆ, ಪಿಂಗ್‌ನ ಒಂದೊಂದು ಉತ್ತರಕ್ಕೂ ಕಂಪ್ಯೂಟರು ಬಾಯಿಬಿಟ್ಟು "ಪಿಂಗ್" ಅಂತ ಹೇಳೋ ಹಾಗೆ ಮಾಡಿ, ಅದನ್ನ ಸ್ಟೀರಿಯೋಗೆ ಜೋಡಿಸಿ, ದನಿ ಕಿವಿ ತಡೆಯೋಷ್ಟು ಏರಿಸಿಟ್ಟ. ಸೆಕೆಂಡಿಗೊಂದು ಸಲ ಪಿಂಗ್, ಪಿಂಗ್ ಅಂತ ಕಟ್ಟಡವೆಲ್ಲ ಕೂಗಾಟ. ಇವನು ಮಹಡಿ ಮಹಡಿ ತಿರುಗಿ ಕನೆಕ್ಟರ್‌ಗಳನ್ನ ಒಂದೊಂದಾಗಿ ಅಲುಗಾಡಿಸ್ತಾ ಹೋದ. ಯಾವುದನ್ನ ಅಲುಗಾಡಿಸಿದಾಗ ಕೂಗು ನಿಂತಿತೋ ಅದೇ ಕಳ್ಳ. ಅವತ್ತು ಅದೇ ಕಟ್ಟಡದಲ್ಲಿ ಲೆಕ್ಕಪತ್ರ ನೋಡ್ತಾ ಕೂತಿದ್ದವರ ಗತಿ ಏನಾಗಿತ್ತೋ ಅಂತ ನನಗೆ ಯೋಚನೆ.

ಎಲ್ಲಿದ್ದೆ? ಹಾಂ, ರೂಟರ್. ಸಿಸ್ಕೊ ರೂಟರಲ್ಲಿ ಒಂದು ಪ್ರಸಿದ್ಧ ಕಾಟ ಇದೆಯಲ್ವಾ, ಅದರ ಬಗ್ಗೆ ಹೇಳದಿದ್ದರೆ ಈ ವಿಷಯ ಮುಗಿಯೋದೇ ಇಲ್ಲ. 'ಶೋ' ಅಂತ ಟೈಪ್ ಮಾಡೋ ಅವಸರದಲ್ಲಿ ಅಕ್ಷರ ಹಿಂದುಮುಂದಾಯ್ತು ಅನ್ನಿ. ಬೇರೆ ಯಾವ ಯಂತ್ರವಾದರೂ "ಇಂಥ ಕಮಾಂಡ್ ಇಲ್ಲಪ್ಪ" ಅಂತ ಹೇಳಿ ಸುಮ್ಮನಾಗುತ್ತೆ. ಇದು ಹಾಗಲ್ಲ, ಅತಿಥಿ ಸತ್ಕಾರ ಜಾಸ್ತಿ. ಓಹೋ ಇದು ಯಾವುದೋ ಕಂಪ್ಯೂಟರಿನ ಹೆಸರಿರಬೇಕು, ಅಲ್ಲಿಗೆ ಟೆಲ್ನೆಟ್ ಹೋಗಬೇಕು ಅಂತಿದ್ದಾರೆ ಸಾಹೇಬ್ರು ಅಂದ್ಕೊಂಡು, ಆ ತಪ್ಪು ಸ್ಪೆಲ್ಲಿಂಗಿನ ವಿಳಾಸ ಹುಡುಕೋಕೆ ಹೊರಟುಬಿಡುತ್ತೆ. 'ಟ್ರಾನ್ಸ್‌ಲೇಟಿಂಗ್' ಅಂತ ತೋರಿಸಿ, ಡಿಎನ್‌ಎಸ್ ಸರ್ವರ್ ಯಾವುದೂ ಹಾಕಿರದಿದ್ದರೆ 255.255.255.255ಕ್ಕೆ, ಅಂದರೆ ಬೀದಿಯಲ್ಲಿರೋರಿಗೆಲ್ಲ ಕೇಳಿಸೋ ಹಾಗೆ ಕೂಗಿ, ಉತ್ತರಕ್ಕೆ ಕಾಯ್ತಾ ನಿಲ್ಲುತ್ತೆ. ನೀವೂ ಕಾಯಬೇಕು. ಕಂಟ್ರೋಲು, ಶಿಫ್ಟು, ಆರು, ಮೂರನ್ನೂ ಒಟ್ಟಿಗೆ ಒತ್ತಿದರೆ ಬಿಡುಗಡೆ. ಆ ಮೂರು ಕೀಲಿ ಕೈಗೆ ಸಿಗೋ ಹೊತ್ತಿಗೆ ಅದೇ ಬೇಸತ್ತು ಬಿಟ್ಟಿರುತ್ತೆ.

ಹಾಗಾಗಿ ಸಿಸಿಎನ್‌ಎ ಕಲಿಸೋ ಕಡೆಯೆಲ್ಲ ಮೊದಲ ದಿನದ ಪಾಠವೇ 'ನೋ ಐಪಿ ಡೊಮೇನ್ ಲುಕಪ್'. ಬೆಂಗಳೂರಲ್ಲಿ ಗಲ್ಲಿಗೊಂದು ತರಬೇತಿ ಕೇಂದ್ರ ಇದೆಯಲ್ಲ, ಅಲ್ಲಿ ಕಲಿತು ಬಂದ ಹುಡುಗರು ಹೋಸ್ಟ್‌ನೇಮ್ ಹಾಕೋದು ಮರೆತರೂ ಇದನ್ನ ಹಾಕೋದು ಮರೆಯೋದಿಲ್ಲ. ಹುಡುಕೋ ಕೆಲಸವನ್ನೇ ನಿಲ್ಲಿಸಿಬಿಟ್ಟರೆ ಕಾಯೋದು ಎಲ್ಲಿಂದ ಬಂತು? ಬುದ್ಧಿವಂತಿಕೆಯೇ. ಆದರೆ ನೆಗಡಿ ಬಂತು ಅಂತ ಮೂಗು ಕೊಯ್ಕೊಂಡರು ಅಂತಾರಲ್ಲ, ಹಾಗಾಯ್ತು. ಲ್ಯಾಬಲ್ಲಿ ಕಲಿತ ಅಭ್ಯಾಸ ನಿಜವಾದ ಆಫೀಸಿನ ರೂಟರಿಗೂ ಬರುತ್ತೆ. ವರ್ಷಗಳ ಮೇಲೆ ಯಾರೋ ಆ ರೂಟರಿಗೆ ಟೈಮ್ ಸರ್ವರಿನ ಹೆಸರು ಕೊಡ್ತಾರೆ, ಇಲ್ಲವೇ ಲೈಸೆನ್ಸಿಗೆ ಹೊರಗಿನ ಸರ್ವರಿನ ಹೆಸರು ಕೊಡ್ತಾರೆ. ಹೆಸರಿಂದ ವಿಳಾಸ ಹುಡುಕೋಕೆ ಅದಕ್ಕೆ ಅಪ್ಪಣೆಯೇ ಇಲ್ಲ, ಪಾಪ. ಡಿಎನ್‌ಎಸ್ ಸರ್ವರ್ ಉತ್ತರ ಕೊಡ್ತಿಲ್ಲ ಅಂತ ಊರೆಲ್ಲ ಹುಡುಕ್ತಾರೆ. ಆ ಸರ್ವರಿಗೆ ಪ್ರಶ್ನೆಯೇ ಹೋಗಿರೋದಿಲ್ಲ.

ಇದಕ್ಕಿಂತ ಮರ್ಯಾದಸ್ಥ ಉಪಾಯ ಇನ್ನೊಂದಿದೆ, ಯಾಕೋ ಅದಕ್ಕೆ ಪ್ರಚಾರ ಸಿಗಲಿಲ್ಲ. ಲೈನ್ ಕಾನ್ಫಿಗರೇಶನ್ನಲ್ಲಿ 'ಟ್ರಾನ್ಸ್‌ಪೋರ್ಟ್ ಪ್ರಿಫರ್ಡ್ ನನ್' ಅಂತ ಹಾಕಿದರೆ ಸಾಕು, ಗೊತ್ತಿಲ್ಲದ ಪದ ಕಂಡ ಕೂಡಲೇ ಟೆಲ್ನೆಟ್ಟಿಗೆ ಹೊರಡೋ ಚಟ ಹೋಗುತ್ತೆ, ಡಿಎನ್‌ಎಸ್ ಮಾತ್ರ ಹಾಗೇ ಉಳಿಯುತ್ತೆ. ಆಗ ಹೆಸರು ಹಾಕಿ ಪಿಂಗ್ ಮಾಡಿ ನೋಡಿ. ಅದೇ 'ಟ್ರಾನ್ಸ್‌ಲೇಟಿಂಗ್' ಅನ್ನೋ ಸಾಲು, ಯಾವ ಸರ್ವರನ್ನ ಕೇಳಿದೆ ಅನ್ನೋದನ್ನ ಕಂಸದಲ್ಲಿ ತೋರಿಸಿ, ಕೊನೆಗೆ 'ಓಕೆ' ಅನ್ನುತ್ತೆ. ಜನ ಅದರ ಕೆಳಗಿರೋ ಪಿಂಗ್ ಫಲಿತಾಂಶ ನೋಡ್ತಾರೆ. ನಮಗೆ ಬೇಕಿರೋದು ಆ ಮೇಲಿನ ಸಾಲು, ಅಲ್ವಾ?

ಬದುಕಿದೆಯಾ ಅನ್ನೋದು ಆಯ್ತು, ಎಷ್ಟು ಬೇಗ ಮಾತಾಡುತ್ತೆ ಅನ್ನೋದಕ್ಕೆ ಐಪಿ ಎಸ್‌ಎಲ್‌ಎ ಇದೆ. ಇಂಥ ಹೆಸರನ್ನ ಇಂಥ ಸರ್ವರನ್ನ ಕೇಳ್ತಾ ಇರು ಅಂತ ಹೇಳಿಟ್ಟರೆ ರೂಟರ್ ತಾನೇ ನಿಮಿಷಕ್ಕೊಂದು ಸಲ ಕೇಳಿ, ಪ್ರಶ್ನೆ ಹೋಗಿ ಉತ್ತರ ಬರೋಕೆ ಎಷ್ಟು ಮಿಲಿಸೆಕೆಂಡ್ ಆಯ್ತು ಅಂತ ಬರೆದಿಡುತ್ತೆ. ಒಳ್ಳೇ ಗುಮಾಸ್ತ. ಆದರೆ ಅದು ಕೊಡೋ ಸಂಖ್ಯೆಯನ್ನ ವೇದವಾಕ್ಯ ಅಂದ್ಕೋಬಾರದು. ರೂಟರಿಗೆ ಪ್ಯಾಕೆಟ್ ಸಾಗಿಸೋದು ಮುಖ್ಯ ಕಸುಬು, ಇಂಥ ಪರೀಕ್ಷೆಯೆಲ್ಲ ಬಿಡುವಾದಾಗ ಮಾಡೋ ಕೆಲಸ. ಸಿಪಿಯು ಏದುಸಿರು ಬಿಡ್ತಿದ್ದರೆ ಉತ್ತರ ಬಾಗಿಲಿಗೆ ಬಂದು ನಿಂತಿದ್ದರೂ ಗಡಿಯಾರ ನೋಡೋಕೆ ತಡವಾಗುತ್ತೆ.

ಇನ್ನೊಂದು ಸಣ್ಣ ತೊಡಕು, ಸಣ್ಣದು ಅಂತ ನಾನು ಹೇಳ್ತೀನಿ, ಆದರೆ ತುಂಬಾ ಜನರ ತಲೆ ತಿಂದಿದೆ. ರೂಟರ್ ತಾನೇ ಪ್ರಶ್ನೆ ಕೇಳುವಾಗ ಯಾವ ವಿಳಾಸದಿಂದ ಕೇಳುತ್ತೆ? ಹೊರಗೆ ಹೋಗೋ ಇಂಟರ್‌ಫೇಸಿನ ವಿಳಾಸದಿಂದ. ಆಫೀಸಿನ ಜನ ಕೇಳೋದು ಒಳಗಿನ ವಿಳಾಸದಿಂದ. ಕಂಪನಿಯ ಡಿಎನ್‌ಎಸ್ ಸರ್ವರ್ ಒಳಗಿನವರಿಗಷ್ಟೇ ಉತ್ತರ ಕೊಡ್ತೀನಿ ಅಂತ ಕೂತಿದ್ದರೆ, ಜನರಿಗೆಲ್ಲ ಸರಿ ಇದೆ, ರೂಟರಿಗೆ ಮಾತ್ರ ಇಲ್ಲ. ಮೂಲ ಇಂಟರ್‌ಫೇಸ್ ಯಾವುದು ಅಂತ ಹೇಳಿಕೊಟ್ಟು ಕೇಳಿಸಬೇಕು. ಮ್ಯಾನೇಜ್‌ಮೆಂಟಿಗೆ ಬೇರೆ ವಿಆರ್‌ಎಫ್ ಮಾಡಿಟ್ಟವರ ಮನೆಯಲ್ಲಂತೂ ಇದರ ಇನ್ನೊಂದು ಅಧ್ಯಾಯವೇ ಇದೆ, ಬೇಡ ಬಿಡಿ, ಸಂಜೆಯಾಗುತ್ತೆ.

ಮಿಲಿಸೆಕೆಂಡ್ ಅಂದೆನಲ್ಲ, ಅದರಲ್ಲೊಂದು ಮೋಜಿದೆ. ಗಾಜಿನ ತಂತಿಯಲ್ಲಿ ಬೆಳಕು ಹೋಗೋದು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್. ಬೆಂಗಳೂರಿಂದ ಕ್ಯಾಲಿಫೋರ್ನಿಯಾಕ್ಕೆ ಹದ್ದು ಹಾರಿದ ಹಾಗೆ ಅಳೆದರೂ 14,000 ಕಿಲೋಮೀಟರ್ ಹತ್ತಿರ. ಹೋಗಿ ಬರೋಕೆ ಕಡಿಮೆ ಅಂದರೂ 140 ಮಿಲಿಸೆಕೆಂಡ್ ಬೇಕೇ ಬೇಕು, ದೇವರೇ ಬಂದು ಕೇಬಲ್ ಎಳೆದರೂ ಅಷ್ಟೆ. ಈಗ ಬೆಂಗಳೂರಿನ ರೂಟರಿಂದ 8.8.8.8 ಅನ್ನೋ ಸಾರ್ವಜನಿಕ ಡಿಎನ್‌ಎಸ್ ಸರ್ವರನ್ನ ಕೇಳ್ತೀರಿ, ಹತ್ತಿಪ್ಪತ್ತು ಮಿಲಿಸೆಕೆಂಡಿಗೆ ಉತ್ತರ ಕೈಯಲ್ಲಿ. ಅಂದರೆ ಉತ್ತರ ಕೊಟ್ಟ ಪುಣ್ಯಾತ್ಮ ಕ್ಯಾಲಿಫೋರ್ನಿಯಾದಲ್ಲಿ ಇಲ್ಲವೇ ಇಲ್ಲ, ಇಲ್ಲೇ ಎಲ್ಲೋ ದಕ್ಷಿಣದಲ್ಲೋ ಮುಂಬಯಿಯಲ್ಲೋ ಕೂತಿದ್ದಾನೆ ಅಂತಾಯ್ತು. ಒಂದೇ ವಿಳಾಸವನ್ನ ಊರೂರಲ್ಲಿ ಇಟ್ಟಿರ್ತಾರೆ, ಎನಿಕಾಸ್ಟ್ ಅಂತ. ಅದೇ ವಿಳಾಸ ಇವತ್ತು ಇದ್ದಕ್ಕಿದ್ದಂತೆ ಇನ್ನೂರು ತೋರಿಸಿದರೆ ಸರ್ವರ್ ಸುಸ್ತಾಗಿದೆ ಅಂತ ಬೈಯೋ ಮುಂಚೆ, ನಿಮ್ಮ ಪ್ಯಾಕೆಟ್ಟೇ ಸಮುದ್ರ ದಾಟಿ ಬೇರೆ ಊರಿನ ಬಾಗಿಲು ತಟ್ಟಿ ಬಂತೇನೋ ಅಂತ ನೋಡಬೇಕು.

ಈ 8.8.8.8 ಬಂದದ್ದು 2009ರ ಡಿಸೆಂಬರಲ್ಲಿ. ಗೋಡೆ ಬರಹದ ಭಾಗ್ಯವನ್ನೂ ಕಂಡ ಐಪಿ ವಿಳಾಸ ಇದು. 2014ರ ಮಾರ್ಚಿನಲ್ಲಿ ಟರ್ಕಿ ಸರ್ಕಾರ ಟ್ವಿಟರ್ ಮುಚ್ಚಿಸಿದಾಗ, ಅಲ್ಲಿನ ಜನ ಸ್ಪ್ರೇ ಡಬ್ಬಿ ಹಿಡಿದು ಗೋಡೆಗಳ ಮೇಲೆ ನಾಲ್ಕು ಎಂಟು ಬರೆದರು. ನಮ್ಮಲ್ಲಿ ಗೋಡೆ ಮೇಲೆ ಬರೆಯೋದು ಮೂಲವ್ಯಾಧಿ ಔಷಧಿಯ ಫೋನ್ ನಂಬರು! 8.8.8.8ರ ತಮ್ಮನ ಹಾಗಿರೋ 1.1.1.1 ಬಂದದ್ದು 2018ರ ಏಪ್ರಿಲ್ 1ಕ್ಕೆ, ಏಪ್ರಿಲ್ ಫೂಲ್ ಅಂದ್ಕೊಂಡವರೂ ಇದ್ದರು. ಪಾಪ ಅದಕ್ಕೆ ಬಾಲಗ್ರಹ ಬೇರೆ. ಅದು ಯಾರಿಗೂ ಸೇರದ ವಿಳಾಸ ಅಂದ್ಕೊಂಡು ಎಷ್ಟೋ ವೈಫೈ ಪೆಟ್ಟಿಗೆಗಳು ತಮ್ಮ ಲಾಗಿನ್ ಪುಟಕ್ಕೇ ಬಳಸ್ಕೊಂಡುಬಿಟ್ಟಿದ್ದವು. ಯಾವುದೋ ಹೋಟೆಲಲ್ಲಿ ಕೂತು 1.1.1.1ಕ್ಕೆ ಪಿಂಗ್ ಮಾಡಿದರೆ ಒಂದೇ ಮಿಲಿಸೆಕೆಂಡಿಗೆ ಉತ್ತರ. ಆಹಾ ಏನು ವೇಗ ಅಂತ ಹಿಗ್ಗಿ ಹೆಸರು ಕೇಳಿದರೆ ಮಾತೇ ಇಲ್ಲ. ಉತ್ತರ ಕೊಟ್ಟದ್ದು ಕಾರಿಡಾರಿನ ಬೀರು ಹಿಂದಿನ ಪೆಟ್ಟಿಗೆ.

ವೇಗ ನೋಡೋರು ಮಾಡೋ ಇನ್ನೊಂದು ಕೆಲಸ ಅಂದರೆ ಒಂದೇ ಹೆಸರನ್ನ ಮತ್ತೆ ಮತ್ತೆ ಕೇಳೋದು. ಮೊದಲ ಸಲ ಎಂಬತ್ತು, ಎರಡನೇ ಸಲ ಎರಡು. "ಈಗ ಸರಿಹೋಯ್ತು ನೋಡಿ!" ಸರಿಹೋಗಿಲ್ಲ ಮಾರಾಯರೇ, ಅದು ಕ್ಯಾಷ್. ಅದಕ್ಕೆ ಬಲ್ಲವರು ಯಾರೂ ಕೇಳಿರದ ಅಡ್ಡಾದಿಡ್ಡಿ ಹೆಸರು ಕಟ್ಟಿ ಕೇಳ್ತಾರೆ. ಇಲ್ಲದ ಹೆಸರಾದರೂ ಪರವಾಗಿಲ್ಲ, ಇಲ್ಲ ಅನ್ನೋದಕ್ಕೆ ಎಷ್ಟು ಹೊತ್ತು ತಗೊಳ್ತು ಅನ್ನೋದು ತಿಳಿಯುತ್ತಲ್ಲ. ಆದರೆ ಅದೇ ಇಲ್ಲದ ಹೆಸರನ್ನ ಎರಡನೇ ಸಲ ಕೇಳಬಾರದು. 'ಇಲ್ಲ' ಅಂದದ್ದನ್ನೂ ಸರ್ವರು ಸ್ವಲ್ಪ ಹೊತ್ತು ನೆನಪಿಟ್ಟುಕೊಂಡಿರುತ್ತೆ. ಹೊಸ ಸರ್ವರಿಗೆ ಹೆಸರು ನೋಂದಾಯಿಸೋ ಮುಂಚೆಯೇ, ಬಂತಾ ಬಂತಾ ಅಂತ ಆತುರಪಟ್ಟು ಕೇಳಿದವರಿಗೆ ಈ ಶಾಪ ತಟ್ಟುತ್ತೆ: ಊರಿಗೆಲ್ಲ ಸಿಗುತ್ತೆ, ಆತುರಗಾರರಿಗೆ ಮಾತ್ರ ಇಲ್ಲ.

ಹೆಸರು ಅಂದಾಗ ನೆನಪಾಯ್ತು. ಈಗ ಕನ್ನಡ ಲಿಪಿಯಲ್ಲೇ '.ಭಾರತ' ಅಂತ ಕೊನೆಯಾಗೋ ವಿಳಾಸ ಇದೆಯಲ್ಲ, ಅದನ್ನ ರೂಟರಲ್ಲಿ ಪರೀಕ್ಷಿಸೋ ಮನಸ್ಸಾಗಿದೆಯಾ ಯಾವತ್ತಾದರೂ? ಆ ಕರಿ ಪರದೆಗೆ ಕನ್ನಡ ಬರೋದಿಲ್ಲ. ಡಿಎನ್‌ಎಸ್ ಒಳಗೆ ನಮ್ಮ ಭಾರತದ ವೇಷ ಏನು ಗೊತ್ತಾ? ಎಕ್ಸ್, ಎನ್, ಎರಡು ಅಡ್ಡಗೀಟು, ಆಮೇಲೆ ಎರಡು, ಎಸ್, ಸಿ, ಆರ್, ಜೆ, ಒಂಬತ್ತು, ಸಿ. ನಾಲ್ಕು ಸಲ ಬಾಯಲ್ಲಿ ಹೇಳ್ಕೊಂಡು ಟೈಪ್ ಮಾಡಿ ನೋಡಿ, ಒಂದಕ್ಷರ ತಪ್ಪಿದರೂ 'ಇಲ್ಲ' ಅಂತ ಬರುತ್ತೆ, ಆ ಇಲ್ಲವನ್ನ ಅದು ನೆನಪಿಟ್ಟುಕೊಳ್ಳುತ್ತೆ.

ಆಮೇಲೆ ಈ ಅಲಾರಂ ಕಥೆ. ಡಿಎನ್‌ಎಸ್ ಉತ್ತರ ಕೊಡದಿದ್ದರೆ ನನಗೊಂದು ಮೇಲ್ ಕಳಿಸು ಅಂತ ರೂಟರಿಗೆ ಹೇಳಿಟ್ಟಿರ್ತಾರೆ. ಮೇಲ್ ಸರ್ವರಿನ ಹೆಸರೂ ಕೊಟ್ಟಿರ್ತಾರೆ. ಹೆಸರು! ಡಿಎನ್‌ಎಸ್ ಸತ್ತಾಗ ಆ ಹೆಸರಿಗೆ ವಿಳಾಸ ಹುಡುಕೋದು ಯಾರು? ಸತ್ತ ಫೋನಿಂದ 198 ತಿರುಗಿಸಿದ ಹಾಗೇ ಆಯ್ತಲ್ಲ. ಐಪಿ ಅಂಕಿಯನ್ನೇ ಕೊಟ್ಟಿಟ್ಟರೆ ಮುಗೀತು, ಆದರೆ ಯಾರೂ ಕೊಟ್ಟಿರೋದಿಲ್ಲ. ದೊಡ್ಡವರೂ ಇದಕ್ಕೆ ಹೊರತಲ್ಲ ಬಿಡಿ. 2021ರ ಅಕ್ಟೋಬರ್ 4, ನಮ್ಮಲ್ಲಿ ರಾತ್ರಿ ಊಟದ ಹೊತ್ತು, ವಾಟ್ಸಾಪು, ಫೇಸ್‌ಬುಕ್ಕು, ಇನ್‌ಸ್ಟಾಗ್ರಾಮು ಒಟ್ಟಿಗೆ ಮಲಗಿದವಲ್ಲ? ಮಾಮೂಲಿ ನಿರ್ವಹಣೆಗೆ ಅಂತ ಕೊಟ್ಟ ಒಂದು ಕಮಾಂಡಿಂದ ಅವರ ಬೆನ್ನೆಲುಬಿನ ನೆಟ್‌ವರ್ಕೇ ಕಡಿದುಹೋಯ್ತು. ಅವರ ಡಿಎನ್‌ಎಸ್ ಸರ್ವರುಗಳು ತಮ್ಮ ಆರೋಗ್ಯವನ್ನ ತಾವೇ ಪರೀಕ್ಷಿಸ್ಕೊಳ್ಳೋ ಜಾಣರು. ಡೇಟಾ ಸೆಂಟರ್ ಕೈಗೆ ಸಿಗ್ತಿಲ್ಲ, ಹಾಗಾದರೆ ನಮಗೇ ಏನೋ ಆಗಿದೆ ಅಂದ್ಕೊಂಡು, ತಮ್ಮ ದಾರಿಯ ಬಿಜಿಪಿ ಪ್ರಕಟಣೆಯನ್ನ ತಾವೇ ವಾಪಸ್ ತಗೊಂಡುಬಿಟ್ಟವು. ಸರ್ವರುಗಳು ಓಡ್ತಾನೇ ಇದ್ದವು, ಅಲ್ಲಿಗೆ ಹೋಗೋ ದಾರಿ ಮಾತ್ರ ಜಗತ್ತಿನಲ್ಲಿ ಯಾರಿಗೂ ಗೊತ್ತಿಲ್ಲ. ಒಳಗಿನ ರಿಪೇರಿ ಉಪಕರಣಗಳೂ ಅದೇ ಡಿಎನ್‌ಎಸ್ ನಂಬಿ ಕೂತಿದ್ದವು. ಆರು ಗಂಟೆ ಹಿಡೀತು. ಅಷ್ಟು ಹೊತ್ತೂ ನಮ್ಮ ಜನ ಮನೆ ವೈಫೈ ಪೆಟ್ಟಿಗೆಯನ್ನ ಆಫ್ ಮಾಡಿ ಆನ್ ಮಾಡಿ, ಆಫ್ ಮಾಡಿ ಆನ್ ಮಾಡಿ...

ಇನ್ನು ಎರಡನೇ ಸರ್ವರ್. ಎಲ್ಲರೂ ರೂಟರಲ್ಲಿ ಎರಡು ಹಾಕಿರ್ತಾರೆ, ಸಿಸ್ಕೊದಲ್ಲಂತೂ ಆರರವರೆಗೆ ಹಾಕಬಹುದು. ಪರೀಕ್ಷೆ ಮಾತ್ರ ಮೊದಲನೆಯದಕ್ಕೆ. ಎರಡನೆಯದು ಯಾರೋ ಹಿಂದಿನ ಅಡ್ಮಿನ್ ಕಾಲದ್ದು, ಆ ಸರ್ವರನ್ನ ಗುಜರಿಗೆ ಹಾಕಿ ಯಾವ ಕಾಲವಾಯ್ತೋ, ವಿಳಾಸ ಮಾತ್ರ ಕಾನ್ಫಿಗರೇಶನ್ನಲ್ಲಿ ಭದ್ರವಾಗಿದೆ. ಇದರ ಉಲ್ಟಾ ಇನ್ನೂ ಚೆಂದ: ಮೊದಲನೆಯದು ಸತ್ತು ಎರಡನೆಯದು ಬದುಕಿರೋದು. ಆಗ ಏನೂ ನಿಲ್ಲೋದಿಲ್ಲ. ಲಿನಕ್ಸ್ ಯಂತ್ರ ಮೊದಲನೆಯದಕ್ಕೆ 5 ಸೆಕೆಂಡ್ ಕಾದು ಎರಡನೆಯದನ್ನ ಕೇಳುತ್ತೆ, ಉತ್ತರ ಬರುತ್ತೆ. ಪ್ರತಿ ಹೊಸ ಹೆಸರಿಗೂ ಆ ಐದು ಸೆಕೆಂಡ್. ಜನ ಬಂದು ಡಿಎನ್‌ಎಸ್ ಸತ್ತಿದೆ ಅನ್ನೋದಿಲ್ಲ, "ಯಾಕೋ ಇವತ್ತು ನೆಟ್ ಸ್ಲೋ" ಅಂತಾರೆ. ಅಡ್ಮಿನ್ ಸ್ಪೀಡ್ ಟೆಸ್ಟ್ ಮಾಡಿ ನೋಡ್ತಾನೆ, ನೂರಕ್ಕೆ ನೂರು ಎಂಬಿಪಿಎಸ್. ಮತ್ತೆ ಕೇಬಲ್ ಕಡೆ ನೋಡೋಕೆ ಶುರು. ಅಂದಹಾಗೆ ನಿಮ್ಮ ಮನೆ ಪೆಟ್ಟಿಗೆಯಲ್ಲಿ ಎರಡನೇ ಜಾಗದಲ್ಲಿ ಯಾವುದಿದೆ ನೋಡಿದ್ದೀರಾ? ಮೊದಲನೆಯದು 8.8.8.8, ಎರಡನೆಯದು 8.8.4.4 ಅಂತಿದ್ದರೆ ಎರಡೂ ಒಂದೇ ಮನೆಯದ್ದು ಕಣ್ರೀ, ಬೇರೆ ಯಾರದ್ದಾದರೂ ಹಾಕಿ.